ತುರ್ಕಿಯ ಲಿರಾ ಕಲಿಸುವ ಪಾಠ

ವಿದೇಶಿ ಬಂಡವಾಳಗಾರನಿಗೆ ಒಂದು ದೇಶದ ಧರ್ಮ, ಭಾಷೆ, ಚರಿತ್ರೆಗಳ ಮೇಲೆ ಮಮಕಾರವಿರುವುದಿಲ್ಲ. ತಾನು ಹೂಡಿದ ಹಣವು ಲಾಭದೊಂದಿಗೆ ಮರಳುವುದೇ ಎಂಬುದಷ್ಟೇ ಆತನ ಪ್ರಶ್ನೆ. ಪ್ರಶ್ನೆಯೇನೋ ಸ್ವಾರ್ಥದ್ದು. ಆದರೆ ಅದಕ್ಕೆ ದೊರೆಯುವ ಉತ್ತರವು ಆ ದೇಶದ ಸಾಮಾನ್ಯ ಪ್ರಜೆಯ ಬದುಕು ಎಷ್ಟು ಭದ್ರವಾಗಿದೆ ಎಂಬುದನ್ನೂ ತಿಳಿಸುತ್ತದೆ. ಕಳೆದ ಕಾಲು ಶತಮಾನದ ತುರ್ಕಿ ಇದಕ್ಕೊಂದು ನಿದರ್ಶನ.

ತುರ್ಕಿಯ ಕುರಿತು ನಮ್ಮಲ್ಲಿ ಎರಡು ಅತಿರೇಕಗಳಿವೆ. ಕೆಲವರಿಗೆ ಅಲ್ಲಿಯ ಅಧ್ಯಕ್ಷ ರಜಬ್ ತಯ್ಯಿಬ್ ಉರ್ದುಗಾನ್ ಏನು ಮಾಡಿದರೂ ಸರಿ. ಇನ್ನು ಕೆಲವರಿಗೆ ಏನು ಮಾಡಿದರೂ ತಪ್ಪು. ಅಭಿಮಾನವಾಗಲಿ, ದ್ವೇಷವಾಗಲಿ ಲೆಕ್ಕಪತ್ರವನ್ನು ಬಿಡಿಸಿ ನೋಡುವುದಿಲ್ಲ.

2001ರ ಫೆಬ್ರವರಿಯಲ್ಲಿ ಅಂದಿನ ಅಧ್ಯಕ್ಷರಿಗೂ ಪ್ರಧಾನಿಗೂ ಬಹಿರಂಗ ಜಗಳವಾಗಿ ತುರ್ಕಿಯ ನಾಣ್ಯವೇ ಕುಸಿಯಿತು. ಆ ಆಘಾತದಿಂದ ಎಚ್ಚೆತ್ತ ದೇಶವು ಅದೇ ವರ್ಷ ಕೇಂದ್ರ ಬ್ಯಾಂಕಿಗೆ ಸ್ವಾಯತ್ತತೆ ನೀಡುವ ಕಾನೂನನ್ನು ರೂಪಿಸಿತು. 2002ರಲ್ಲಿ ಅಧಿಕಾರಕ್ಕೆ ಬಂದ ಎ.ಕೆ. ಪಕ್ಷವು ಈ ಶಿಸ್ತನ್ನು ಪಾಲಿಸಿತು. 2005ರಲ್ಲಿ ಲಿರಾದಿಂದ ಆರು ಸೊನ್ನೆಗಳನ್ನು ಕಿತ್ತುಹಾಕಲಾಯಿತು. ಅದೇ ವರ್ಷ ಯುರೋಪಿಯನ್ ಒಕ್ಕೂಟದ ಸದಸ್ಯತ್ವದ ಮಾತುಕತೆಯೂ ಆರಂಭವಾಯಿತು. 1990ರ ದಶಕದಲ್ಲಿ ವರ್ಷಕ್ಕೆ ಸುಮಾರು 100 ಕೋಟಿ ಡಾಲರಿನಷ್ಟಿದ್ದ ವಿದೇಶಿ ನೇರ ಹೂಡಿಕೆಯು 2007ರಲ್ಲಿ ಸುಮಾರು 2,200 ಕೋಟಿ ಡಾಲರಿಗೆ ಏರಿತು. ಈ ಸಾಧನೆಯನ್ನು ಅಲ್ಲಗಳೆಯುವುದು ಅನ್ಯಾಯವಾದೀತು.

ಹಾಗಾದರೆ ಮುಂದೆ ಆದದ್ದೇನು? 2016ರ ವಿಫಲ ಸೇನಾ ದಂಗೆಯ ಬಳಿಕ ಅಧಿಕಾರವು ಒಂದೇ ಕಡೆ ಕೇಂದ್ರೀಕೃತವಾಗತೊಡಗಿತು. 2018ರಲ್ಲಿ ಅಧ್ಯಕ್ಷೀಯ ಪದ್ಧತಿ ಜಾರಿಗೆ ಬಂದಾಗ ಕೇಂದ್ರ ಬ್ಯಾಂಕಿನ ಗವರ್ನರನ್ನು ನೇಮಿಸುವ ಅಧಿಕಾರವೂ ಅಧ್ಯಕ್ಷರ ಕೈಸೇರಿತು. 2019ರ ಜುಲೈಯಿಂದ 2021ರ ಮಾರ್ಚ್‌ವರೆಗಿನ ಅವಧಿಯಲ್ಲಿ ಮೂವರು ಗವರ್ನರುಗಳು ವಜಾಗೊಂಡರು. ಮೂರನೆಯವರಾದ ನಾಜಿ ಅಗ್ಬಾಲ್ ಬಡ್ಡಿದರವನ್ನು ಶೇ. 19ಕ್ಕೆ ಏರಿಸಿದ ಎರಡೇ ದಿನಗಳಲ್ಲಿ ಹುದ್ದೆ ಕಳಕೊಂಡರು. ಬೆಲೆಗಳು ಏರುತ್ತಿದ್ದಾಗಲೇ, ಅದೇ ವರ್ಷದ ಡಿಸೆಂಬರ್ ವೇಳೆಗೆ ದರವನ್ನು ಶೇ. 14ಕ್ಕೆ ಇಳಿಸಲಾಯಿತು. ತಾನು ಮುಸ್ಲಿಮನಾಗಿದ್ದು, ಬಡ್ಡಿಯ ವಿಷಯದಲ್ಲಿ ಧರ್ಮದ ಆದೇಶವನ್ನು ಪಾಲಿಸುವುದಾಗಿ ಉರ್ದುಗಾನ್ ಸಮರ್ಥಿಸಿಕೊಂಡರು.

ನಾವು ಗಂಭೀರವಾಗಿ ಆಲೋಚಿಸಬೇಕಾದುದು ಇಲ್ಲಿಯೇ. ಬಡ್ಡಿಯು ನಿಷಿದ್ಧವೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಬಡ್ಡಿಯಾಧಾರಿತ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡು ದರವನ್ನು ಮಾತ್ರ ಇಳಿಸುವುದು ಬಡ್ಡಿಯ ನಿರ್ಮೂಲನೆಯೇ? ಆ ಡಿಸೆಂಬರಿನಲ್ಲಿ ಒಂದು ಡಾಲರಿನ ಬೆಲೆ 18 ಲಿರಾ ದಾಟಿತು. ಗಾಬರಿಗೊಂಡ ಸರಕಾರವು, ಜನರು ಲಿರಾದಲ್ಲಿಯೇ ಠೇವಣಿ ಇಟ್ಟರೆ ಡಾಲರ್ ಏರಿಕೆಯಿಂದಾಗುವ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಘೋಷಿಸಿತು. ಅಂದರೆ ಠೇವಣಿದಾರನಿಗೆ ಸಂದಾಯವಾಗುವ ಹಣ ನಿಲ್ಲಲಿಲ್ಲ. ಅದರ ಹೆಸರು ಬದಲಾಯಿತು, ಹೊರೆಯು ಸಾರ್ವಜನಿಕ ಬೊಕ್ಕಸದ ಮೇಲೆ ಬಿತ್ತು. 2023ರಲ್ಲಿ ಕೇಂದ್ರ ಬ್ಯಾಂಕು ಅನುಭವಿಸಿದ ನಷ್ಟ 81,800 ಕೋಟಿ ಲಿರಾ. ಅದಕ್ಕೆ ಈ ಯೋಜನೆಯೇ ಮುಖ್ಯ ಕಾರಣವಾಗಿತ್ತು. ಉಳಿತಾಯವಿದ್ದವನಿಗೆ ರಕ್ಷಣೆ ದೊರೆಯಿತು. ಅಂದಂದಿನ ದುಡಿಮೆಯಲ್ಲಿ ಬದುಕುವವನಿಗೆ ದೊರೆತದ್ದು 2022ರ ಅಕ್ಟೋಬರಿನಲ್ಲಿ ಸರಕಾರಿ ಲೆಕ್ಕದಂತೆಯೇ ಶೇ. 85ನ್ನು ಮೀರಿದ ಹಣದುಬ್ಬರ. ಕೂಲಿಯ ಮೌಲ್ಯವು ಕೈಯಲ್ಲಿಯೇ ಕರಗಿಹೋಗುವುದು ಅಳತೆಯಲ್ಲಿ ಮೋಸ ಮಾಡುವುದಕ್ಕಿಂತ ಸಣ್ಣ ಅನ್ಯಾಯವಲ್ಲ.

2023ರ ಚುನಾವಣೆಯಲ್ಲಿ ಗೆದ್ದ ಬಳಿಕ ಉರ್ದುಗಾನ್ ದಾರಿ ಬದಲಿಸಿದರು. ಮಾರುಕಟ್ಟೆಗಳ ವಿಶ್ವಾಸ ಗಳಿಸಿದ್ದ ಮೆಹ್ಮತ್ ಶಿಮ್‌ಶೆಕ್ ಮತ್ತೆ ಹಣಕಾಸು ಸಚಿವರಾದರು. ಶೇ. 8.5ರಷ್ಟಿದ್ದ ಬಡ್ಡಿದರವು 2024ರ ಮಾರ್ಚ್‌ನಲ್ಲಿ ಶೇ. 50ಕ್ಕೆ ತಲಪಿತು. ಬಡ್ಡಿಯನ್ನು ವಿರೋಧಿಸಿದ ಆಡಳಿತವೇ ಇಷ್ಟೊಂದು ಬಡ್ಡಿ ತೆರಬೇಕಾಗಿ ಬಂದುದು ಎಂಥ ವಿಪರ್ಯಾಸ! ಕಳಕೊಂಡ ನಂಬಿಕೆಯ ಬೆಲೆಯೇ ಅದು.

ಹೂಡಿಕೆದಾರರು ಮರಳಿದರು ನಿಜ. ಆದರೆ ಬಂದದ್ದು ಎಂಥ ಹಣ? ಹೆಚ್ಚಿನ ಬಡ್ಡಿಯ ಆಸೆಗೆ ಬರುವ ಹಣ ಬೇರೆ. ಕಾರ್ಖಾನೆ ಕಟ್ಟಿ ಇಪ್ಪತ್ತು ವರ್ಷ ನಿಲ್ಲುವ ಹಣ ಬೇರೆ. ಮೊದಲಿನದು ಒಂದು ದಿನದಲ್ಲಿ ಹೊರಟುಹೋಗಬಲ್ಲದು. 2025ರ ಮಾರ್ಚ್ 19ರಂದು ಅದು ಸಾಬೀತಾಯಿತು. ಅಂದು ಉರ್ದುಗಾನ್‌ರ ಪ್ರಬಲ ಎದುರಾಳಿ, ಇಸ್ತಾಂಬುಲ್‌ನ ಮೇಯರ್ ಅಕ್ರಂ ಇಮಾಮೊಗ್ಲು ಬಂಧಿತರಾದರು. ಲಿರಾ ದಾಖಲೆಯ ಮಟ್ಟಕ್ಕೆ ಕುಸಿಯಿತು. ಅದನ್ನು ಹಿಡಿದೆತ್ತಲು ಕೇಂದ್ರ ಬ್ಯಾಂಕು ಅಪಾರ ಪ್ರಮಾಣದ ಡಾಲರುಗಳನ್ನು ಮಾರಿತು. ಇಳಿಯುತ್ತಿದ್ದ ಬಡ್ಡಿದರವನ್ನು ಏಪ್ರಿಲ್‌ನಲ್ಲಿ ಪುನಃ ಶೇ. 46ಕ್ಕೆ ಏರಿಸಿತು. ಹಣಕಾಸು ಸಚಿವರು ಎರಡು ವರ್ಷಗಳಿಂದ ಕೂಡಿಹಾಕಿದ್ದ ನಂಬಿಕೆಗೆ ಪೊಲೀಸರ ಒಂದು ಮುಂಜಾನೆಯ ಕಾರ್ಯಾಚರಣೆ ಪೆಟ್ಟು ಕೊಟ್ಟಿತು.

ತುರ್ಕಿಗೆ ಸಾಮರ್ಥ್ಯದ ಕೊರತೆಯಿಲ್ಲ. ಸುಮಾರು 8.5 ಕೋಟಿ ಜನಸಂಖ್ಯೆಯಿದೆ, ನುರಿತ ಕಾರ್ಮಿಕರಿದ್ದಾರೆ, 1996ರಿಂದ ಯುರೋಪಿಯನ್ ಒಕ್ಕೂಟದೊಂದಿಗೆ ಸುಂಕ ಒಪ್ಪಂದವಿದೆ. ಮನೀಸಾದಲ್ಲಿ ಕಾರು ಕಾರ್ಖಾನೆ ಕಟ್ಟುವ ಯೋಜನೆಯನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ 2020ರಲ್ಲಿ ಕೈಬಿಟ್ಟರೂ, ಅದೇ ಪ್ರಾಂತ್ಯಕ್ಕೆ ಚೀನಾದ ಬಿವೈಡಿ 2024ರಲ್ಲಿ ಸುಮಾರು 100 ಕೋಟಿ ಡಾಲರಿನ ಒಪ್ಪಂದದೊಂದಿಗೆ ಬಂತು. ಆದರೂ 2024ರ ಒಟ್ಟು ನೇರ ಹೂಡಿಕೆಯು 2007ರದ್ದರ ಅರ್ಧದಷ್ಟೇ ಇತ್ತು. 2013ರ ಆರಂಭದಲ್ಲಿ 2 ಲಿರಾಕ್ಕಿಂತ ಕಡಿಮೆಯಿದ್ದ ಡಾಲರ್, 2025ರ ಕೊನೆಗೆ 42 ದಾಟಿತ್ತು.

ಬಡ್ಡಿದರವನ್ನು ಏರಿಸಿ ನಾಣ್ಯವನ್ನು ಕೆಲಕಾಲ ಹಿಡಿದು ನಿಲ್ಲಿಸಬಹುದು. ಆದರೆ ಇಂದಿನ ಕಾನೂನು ನಾಳೆಯೂ ಇರುತ್ತದೆ, ನ್ಯಾಯಾಲಯವು ಆಳುವವರ ಮುಖ ನೋಡುವುದಿಲ್ಲ, ಬ್ಯಾಂಕಿನ ಗವರ್ನರು ಸತ್ಯ ನುಡಿದುದಕ್ಕೆ ಹುದ್ದೆ ಕಳಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಯಾವ ದರವೂ ಕೊಡಲಾರದು. ಆ ಭರವಸೆ ಇಲ್ಲದಾದಾಗ ಹೂಡಿಕೆದಾರ ತನ್ನ ಹಣವನ್ನೆತ್ತಿಕೊಂಡು ಮತ್ತೊಂದು ದೇಶಕ್ಕೆ ಹೋಗುತ್ತಾನೆ. ಅಂಕಾರಾದ ನಿವೃತ್ತ ಶಿಕ್ಷಕನಾಗಲಿ, ಗಾಝಿಯಾನ್‌ತೆಪ್‌ನ ನೇಕಾರನಾಗಲಿ ಹೋಗುವುದೆಲ್ಲಿಗೆ? ಒಂದು ಆಡಳಿತವನ್ನು ಅದರ ಘೋಷಣೆಗಳಿಂದಲ್ಲ, ಇಂಥವರ ಕೈಯಲ್ಲಿರುವ ನೋಟಿನ ಮೌಲ್ಯದಿಂದ ಅಳೆಯುವುದನ್ನು ನಾವೂ ರೂಢಿಸಿಕೊಳ್ಳಬೇಕಾಗಿದೆ.