ಕಲ್ಕತ್ತೆಯ ಆರ್ಮೀನಿಯರು

ಪರದೇಶದ ವರ್ತಕರು ಒಂದು ಪಟ್ಟಣಕ್ಕೆ ಬಂದುಹೋಗುವುದು ಬೇರೆ. ಅಲ್ಲಿ ಮನೆಮಾಡಿ, ಮಕ್ಕಳನ್ನು ಓದಿಸಿ, ಸತ್ತವರನ್ನು ಅಲ್ಲಿಯೇ ಮಣ್ಣುಮಾಡಿ ಒಂದು ಸಮಾಜವಾಗಿ ನಿಲ್ಲುವುದು ಬೇರೆ. ಈ ಎರಡಕ್ಕೂ ನಡುವಣ ದೂರವನ್ನು ಕಲ್ಕತ್ತೆಯ ಆರ್ಮೀನಿಯರ ಚರಿತ್ರೆಯಲ್ಲಿ ಕಾಣಬಹುದು.

ಆರ್ಮೀನಿಯವು ಕಾಕಸಸ್ ಪರ್ವತಪ್ರಾಂತದ ದೇಶ. ಅಲ್ಲಿಯವರು ನಾಲ್ಕನೆಯ ಶತಮಾನದ ಆದಿಯಲ್ಲಿಯೇ ಕ್ರೈಸ್ತಮತವನ್ನು ಸ್ವೀಕರಿಸಿದವರು. ಐದನೆಯ ಶತಮಾನದ ಮೊದಲಲ್ಲಿ ಮೆಸ್ರೋಪನೆಂಬ ಯತಿಯು ರಚಿಸಿಕೊಟ್ಟ ಅಕ್ಷರಮಾಲೆಯನ್ನು ಇಂದಿಗೂ ಬಿಟ್ಟಿಲ್ಲ. ಅವರ ಭಾಷೆಯು ಸಂಸ್ಕೃತಕ್ಕೆ ದೂರದ ಸೋದರಿ. ನಮ್ಮ ‘ದುಹಿತೃ’ ಅಲ್ಲಿ ‘ದುಸ್ತ್ರ್’ ಆಗಿರುವಳು. (ಹಳೆಯ ಉಪಾಧ್ಯಾಯನಿಗೆ ಶಬ್ದವ್ಯುತ್ಪತ್ತಿಯ ಚಪಲ ತಪ್ಪದು, ಮನ್ನಿಸಬೇಕು.)

1604-05ರಲ್ಲಿ ಪಾರಸಿಕ ದೊರೆ ಷಾ ಅಬ್ಬಾಸನು, ತುರ್ಕರೊಡನೆ ಯುದ್ಧ ನಡೆಯುತ್ತಿರುವಾಗ, ಅರಾಸ್ ನದೀತೀರದ ಜುಲ್ಫಾ ಪಟ್ಟಣದ ಆರ್ಮೀನಿಯರನ್ನು ಬಲವಂತವಾಗಿ ಎಬ್ಬಿಸಿ ತನ್ನ ರಾಜಧಾನಿಯಾದ ಇಸ್ಫಹಾನಿನ ಬಳಿ ನೆಲೆಗೊಳಿಸಿದನು. ಆ ಹೊಸ ಜುಲ್ಫಾದಿಂದಲೇ ರೇಷ್ಮೆಯ ವ್ಯಾಪಾರ ಹಿಡಿದು ಅವರು ಸೂರತ್ತು, ಮದರಾಸು, ವಂಗದೇಶಗಳವರೆಗೂ ಹರಡಿದರು. ವಂಗದೇಶದಲ್ಲಿ ಅವರು ಮೊದಲು ಕಾಲೂರಿದ್ದು ಮುರ್ಷಿದಾಬಾದಿನ ಸಮೀಪದ ಸೈದಾಬಾದಿನಲ್ಲಿ, ಚಿನ್ಸುರಾದಲ್ಲಿ. ಕಲ್ಕತ್ತೆಯು ಆಗ ಪಟ್ಟಣವೇ ಅಲ್ಲ.

1688ರಲ್ಲಿ ಲಂಡನ್ನಿನಲ್ಲಿ ಖೋಜಾ ಫಾನೂಸ್ ಕಲಂದರನೆಂಬ ವರ್ತಕನು ಈಸ್ಟ್ ಇಂಡಿಯಾ ಕಂಪೆನಿಯೊಡನೆ ಕರಾರು ಮಾಡಿಕೊಂಡನು. ಅದರಲ್ಲಿನ ಒಂದು ಮಾತು ವಿಚಾರಾರ್ಹವಾದುದು. ಕಂಪೆನಿಯ ಯಾವ ಪಟ್ಟಣದಲ್ಲಿಯಾದರೂ 40 ಮಂದಿ ಆರ್ಮೀನಿಯರು ನೆಲೆಸಿದರೆ, ಅವರಿಗೆ ಸ್ಥಳವನ್ನು ಕೊಟ್ಟು, ಮರದ ಇಗರ್ಜಿಯನ್ನು ಕಟ್ಟಿಸಿ, ಏಳು ವರ್ಷ ಪಾದ್ರಿಗೆ ವರ್ಷಕ್ಕೆ 50 ಪೌಂಡು ಕೊಡಬೇಕು! ಇದು ಔದಾರ್ಯವೆಂದು ಭ್ರಮಿಸಬೇಡಿರಿ. ಪಾರಸಿಯನ್ನೂ ದರ್ಬಾರಿನ ರೀತಿನೀತಿಗಳನ್ನೂ ಬಲ್ಲ ಈ ಜನರು ಕಂಪೆನಿಗೆ ಬೇಕಾಗಿದ್ದರು. ಹತ್ತೇ ವರ್ಷಗಳಲ್ಲಿ, 1698ರಲ್ಲಿ, ಸುತಾನುತಿ, ಕಲಿಕಾತಾ, ಗೋವಿಂದಪುರಗಳೆಂಬ ಮೂರು ಗ್ರಾಮಗಳ ಹಕ್ಕನ್ನು ಮೊಗಲ್ ರಾಜಕುಮಾರನಿಂದ ಕಂಪೆನಿಗೆ ದೊರಕಿಸುವುದರಲ್ಲಿ ಕಲಂದರನ ಬಂಧು ಖೋಜಾ ಸರ್ಹದನ ಕೈವಾಡವಿತ್ತು. ಆ ಗ್ರಾಮಗಳೇ ಕಲ್ಕತ್ತೆಯಾದುವು.

ಮೊದಲ ಮರದ ಇಗರ್ಜಿಯು 1707ರಲ್ಲಿ ಸುಟ್ಟುಹೋಯಿತು. 1724ರಲ್ಲಿ ಆಘಾ ನಜರನೆಂಬವನು ತಮ್ಮವರ ಶ್ಮಶಾನಭೂಮಿಯಲ್ಲಿಯೇ ಈಗಿರುವ ನಜರೆತ್ ಇಗರ್ಜಿಯನ್ನು ಕಟ್ಟಿಸಿದನು. ಅದರ ಅಂಗಳದ ಕಲ್ಲೊಂದರ ಮೇಲೆ, ದಾನಶೀಲನಾದ ಸೂಕಿಯಸನ ಪತ್ನಿ ರೆಜಾಬೀಬಿಯ ಹೆಸರಿರುವುದು. ಅದರ ಕಾಲವನ್ನು 1630 ಎಂದು ಕೆಲವರು ಓದಿರುವರು. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ. ಅದೇನೇ ಇರಲಿ, ವರ್ತಕನೊಬ್ಬನ ಹೆಸರಿಗಿಂತ ಗೃಹಿಣಿಯೊಬ್ಬಳ ಗೋರಿಯೇ ನೆಲೆಗೆ ಬಲವಾದ ಸಾಕ್ಷಿಯೆಂದು ನನ್ನ ಮತ.

ಇಗರ್ಜಿಯಾದ ಮೇಲೆ ಶಾಲೆ. ಊರಿನ ನುಡಿಗಳ ನಡುವೆ ಬೆಳೆಯುವ ಮಕ್ಕಳಿಗೆ ಮನೆಮಾತು ಮರೆತುಹೋಗುವುದು ಸಹಜವಷ್ಟೆ. 1821ರಲ್ಲಿ ಆರಂಭವಾದ ಆರ್ಮೀನಿಯನ್ ಕಾಲೇಜು ಮಕ್ಕಳಿಗೆ ಸ್ವಭಾಷೆಯನ್ನೂ ಕಲಿಸಿತು. ಮುಂದೆ ಹೊಸ ಜುಲ್ಫಾದವರೂ ತಮ್ಮ ಬಾಲಕರನ್ನು ಸಮುದ್ರ ದಾಟಿಸಿ ಇಲ್ಲಿಗೆ ಕಳುಹಿಸಿದರು. ಅಕ್ಷರದ ವಿಷಯದಲ್ಲಿ ಮದರಾಸಿನ ಅವರ ಬಂಧುಗಳು ಇನ್ನೂ ಮುಂದಿದ್ದರು: ಜಗತ್ತಿನ ಮೊದಲ ಆರ್ಮೀನಿಯ ಪತ್ರಿಕೆಯಾದ ‘ಅಜ್ದರಾರ್’ 1794ರಲ್ಲಿ ಅಲ್ಲಿ ಅಚ್ಚಾಯಿತು.

ಕಲ್ಕತ್ತೆಯ ಸುಪ್ರಸಿದ್ಧ ಗಾಯಕಿ ಗೌಹರ್ ಜಾನಳ ತಂದೆಯೂ ಆರ್ಮೀನಿಯನೇ. ಆಕೆಯು ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು.

1947ರ ತರುವಾಯ ಬಹುಮಂದಿ ಆಸ್ಟ್ರೇಲಿಯ, ಇಂಗ್ಲೆಂಡುಗಳಿಗೆ ಹೊರಟುಹೋದರು. ಉಳಿದವರ ಸಂಖ್ಯೆ ಒಂದೆರಡು ನೂರನ್ನು ಮೀರದು. ಶಾಲೆಯ ವಿದ್ಯಾರ್ಥಿಗಳಲ್ಲಿ ಇರಾನಿನಿಂದ, ಆರ್ಮೀನಿಯದಿಂದ ಬಂದು ಅಲ್ಲಿಯೇ ಉಳಿದು ಓದುವವರಿರುವರು. ಜನವರಿ 6ರಂದು, ತಮ್ಮ ಪದ್ಧತಿಯ ಕ್ರಿಸ್ತಜಯಂತಿಯ ದಿನ, ಆಘಾ ನಜರನ ಇಗರ್ಜಿಯಲ್ಲಿ ಮೆಸ್ರೋಪನ ಅಕ್ಷರಗಳ ಪುಸ್ತಕವನ್ನು ಹಿಡಿದು ಹಾಡುವವರು ಈ ಮಕ್ಕಳೇ.