ನಾಗಿಯನ್ನು ಮರೆತ ಶೋಕ

ಅಕಾಲದಲ್ಲಿ ಅಗಲಿದ ಕಲಾವಿದರನ್ನು ನಾವು ನೆನೆಯುವ ಕ್ರಮದಲ್ಲಿ ಒಂದು ದೋಷವುಂಟು. ಸಾವಿನ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇವೆ. ಸಾಧನೆಯನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇವೆ. ನಮ್ಮ ಮುಳಬಾಗಿಲು ಸೀಮೆಯಲ್ಲಿ ಹುಟ್ಟಿದ ನಟಿ ಸೌಂದರ್ಯ ಅವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೇರಿದ ಪುಟ್ಟ ವಿಮಾನ ನೆಲಕ್ಕುರುಳಿದುದು, ಸೋದರ ಅಮರನಾಥರೂ ಜೊತೆಯಲ್ಲಿಯೇ ಮಡಿದುದು ಎಲ್ಲರಿಗೂ ಗೊತ್ತು. ಆಕೆ ಅಷ್ಟರಲ್ಲಿ ಯಾವ ದಾರಿಗೆ ಹೊರಳಿದ್ದರು ಎಂಬುದನ್ನು ಕೇಳಿಕೊಂಡವರು ವಿರಳ.

ವೈದ್ಯಕೀಯ ವ್ಯಾಸಂಗವನ್ನು ಬಿಟ್ಟು 1992ರಲ್ಲಿ ತೆರೆಯ ಮೇಲೆ ಕಾಣಿಸಿಕೊಂಡ ಸೌಂದರ್ಯ, ಕನ್ನಡ ತೆಲುಗುಗಳೆರಡೂ ಸಂತೆಯ ಮಾತಾಗಿರುವ ಗಡಿನಾಡಿನವರು. ತೆಲುಗರು ಅವರನ್ನು ಮನೆಮಗಳೆಂದೇ ಬಗೆದರು. 1995ರ 'ಅಮ್ಮೋರು' ದೊಡ್ಡ ಹೆಸರು ತಂದಿತು. ಹನ್ನೆರಡು ವರ್ಷಗಳಲ್ಲಿ ಚಿತ್ರಗಳ ಸಂಖ್ಯೆ ನೂರರ ಆಸುಪಾಸಿಗೆ ಬಂದಿತು. ಬಹುಮಟ್ಟಿಗೆ ಅವು ನಾಯಕರ ಕಥೆಗಳು. ನಾಯಕಿಯ ಪಾಲಿಗೆ ಹಾಡು, ಕಣ್ಣೀರು, ಮದುವೆ.

ಈ ಎಲ್ಲೆಯನ್ನು ಅವರು ಸ್ವಂತ ಬಲದಿಂದ ದಾಟಿದ್ದು 'ದ್ವೀಪ'ದಲ್ಲಿ. ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ನಿರ್ಮಾಪಕಿ ಸ್ವತಃ ಸೌಂದರ್ಯ. ಅಣೆಕಟ್ಟಿನ ನೀರು ಏರುತ್ತಿರುವಾಗ ನಾಗಿ ಮನೆಯನ್ನೂ ಬದುಕನ್ನೂ ಕಾಯಲು ಹೆಣಗುತ್ತಾಳೆ. ಗಂಡ ಮಾತ್ರ ಎಲ್ಲವೂ ದೈವಕೃಪೆಯೆನ್ನುತ್ತಾನೆ. ಹೆಣ್ಣಿನ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುವ ಆ ನೋವನ್ನು ಸೌಂದರ್ಯ ಅಬ್ಬರವಿಲ್ಲದೆ ಅಭಿನಯಿಸಿದ್ದಾರೆ. ಆ ಚಿತ್ರ ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು.

ಜನ ಮೆಚ್ಚಿದ್ದು 'ಆಪ್ತಮಿತ್ರ'ವನ್ನಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕೆ ತೀರಿಕೊಂಡ ಮೇಲೆ, ಅದೇ ವರ್ಷದ ಆಗಸ್ಟಿನಲ್ಲಿ ತೆರೆಕಂಡ ಆ ಚಿತ್ರದ ಜನಪ್ರಿಯತೆಯನ್ನು ನಾನು ಕೀಳುಗಳೆಯುವುದಿಲ್ಲ. ಅಂಥ ಚಿತ್ರಗಳು ತಂದ ಹೆಸರೇ 'ದ್ವೀಪ'ಕ್ಕೆ ಆಸರೆಯಾಯಿತೆಂದು ನನ್ನ ನಂಬಿಕೆ. ಎರಡು ಬಗೆಯ ಪ್ರೇಕ್ಷಕರನ್ನೂ ಬಲ್ಲ ನಟಿಯೊಬ್ಬರು ತಮ್ಮ ಕಥೆಗಳನ್ನು ತಾವೇ ಆರಿಸಿಕೊಳ್ಳತೊಡಗಿದ ಹೊತ್ತಿನಲ್ಲಿ ಹೋದರು. ನಮಗಾದ ನಷ್ಟದ ನಿಜವಾದ ಅಳತೆ ಇದು.

ನನ್ನ ಊರು ವಕ್ಕಲೇರಿ. ಇಲ್ಲಿ ದೊರೆತ, ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ತಾಮ್ರಶಾಸನ ಎಂಟನೆಯ ಶತಮಾನದ ಮಾತನ್ನು ಇಂದಿಗೂ ನುಡಿಯುತ್ತದೆ. ಚಿತ್ರದ ಸುರುಳಿಗೆ ತಾಮ್ರದ ಆಯುಸ್ಸಿಲ್ಲ; ನೋಡುವವರಿದ್ದರೆ ಅದು ಬದುಕೀತು. ಆದ್ದರಿಂದ ಏಪ್ರಿಲ್ 17 ಬಂದಾಗ ಭಾವಚಿತ್ರಕ್ಕೆ ಹಾರ ಹಾಕಿ ಸುಮ್ಮನಾಗದೆ, ಜಿಲ್ಲೆಯ ಕಾಲೇಜುಗಳಲ್ಲಿ 'ದ್ವೀಪ'ವನ್ನು ತೋರಿಸಿ, ಮಕ್ಕಳೊಡನೆ ಒಂದು ಗಂಟೆ ಚರ್ಚಿಸೋಣ. ನಾಗಿಯ ದುಡಿಮೆಯನ್ನು ಆಕೆಯ ಗಂಡ ಮರೆತ. ಸೌಂದರ್ಯರ ದುಡಿಮೆಯನ್ನು ನಾವು ಮರೆಯಬಾರದು.