ಕಲ್ಲಿದ್ದಲಿನ ಏರಿಕೆ ಯಾರ ಹೆಗಲಿಗೆ?



ಉದಗೀರದ ದಾಲ್ ಮಿಲ್ಲಿನಲ್ಲಿ ಕೂಲಿ ಮಾಡುವ ತಾಯಿಯೊಬ್ಬರು ಲೈಟ್ ಬಿಲ್ಲನ್ನು ನಮ್ಮ ಮುಂದಿಟ್ಟು, "ಅಣ್ಣಾರ, ಮನಿಯಾಗ ಅವೇ ಎರಡು ದೀಪ, ಒಂದು ಪಂಖಾ. ಬಿಲ್ಲು ಯಾಕ ಏರ್ಯದ?" ಎಂದು ಕೇಳಿದರು. ಬಿಲ್ಲಿನಲ್ಲಿ 'ಇಂಧನ ಸಮಾಯೋಜನ ಆಕಾರ' ಎಂಬ ಮರಾಠಿ ಸಾಲೊಂದಿತ್ತು. ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮನೆಗಳಲ್ಲಿ ಆ ಸಾಲನ್ನು ಓದುವವರು ಕಡಿಮೆ. ಹಣ ಮಾತ್ರ ಎಲ್ಲರೂ ಕಟ್ಟುತ್ತೇವೆ.

ಅದರ ಅರ್ಥವನ್ನು ಲೆಕ್ಕದಿಂದಲೇ ತಿಳಿಯೋಣ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ಪಾಲಿಗೆ 70 ಕಿಲೋ. ಟನ್ನಿಗೆ 1,000 ರೂಪಾಯಿ ಏರಿದರೆ, ತಂತಿಯ ದಾರಿಯ ಸೋರಿಕೆಯನ್ನು ಬಿಟ್ಟರೂ, ಆ ಮನೆಯ ಪಾಲಿನ ಇಂಧನ ವೆಚ್ಚ 70 ರೂಪಾಯಿ ಏರುತ್ತದೆ. ಅದರ ಮೇಲೆ ಸರಕಾರದ ಶೇಕಡಾ 16 ವಿದ್ಯುತ್ ಶುಲ್ಕ ಸೇರಿ 81 ರೂಪಾಯಿ 20 ಪೈಸೆ. ಕಲ್ಲಿದ್ದಲು ತುಟ್ಟಿಯಾದಷ್ಟೂ ಸರಕಾರಕ್ಕೆ ಆದಾಯವೇ!

ಸ್ಥಾವರಗಳು ನಷ್ಟದಲ್ಲಿ ನಡೆಯಲಿ ಎಂದು ನಾವು ಹೇಳುವುದಿಲ್ಲ. ಪರಳಿಯ ಸ್ಥಾವರದಲ್ಲಿ ಬೆವರು ಸುರಿಸುವವರೂ ನಮ್ಮವರೇ. ಆದರೆ ಏರಿಕೆಯ ಭಾರವೆಲ್ಲ ಮನೆಯವರ ಮೇಲೆಯೇ ಬೀಳುವುದಾದರೆ, ಅಗ್ಗದ ಇಂಧನ ಹುಡುಕುವ ಚಿಂತೆ ಉತ್ಪಾದಕನಿಗೆ ಏಕೆ ಬಂದೀತು?

ಈ ಪಾಠವನ್ನು ಮಹಾರಾಷ್ಟ್ರ ಒಮ್ಮೆ ಕಲಿತಿದೆ. ಕಿಲ್ಲಾರಿ ಭೂಕಂಪದ ವರ್ಷವೇ, 1993ರ ಡಿಸೆಂಬರದಲ್ಲಿ, ರಾಜ್ಯ ವಿದ್ಯುತ್ ಮಂಡಳಿಯು ಎನ್ರಾನ್‌ನ ದಾಭೋಳ ಕಂಪನಿಯೊಡನೆ ಕರಾರು ಮಾಡಿತು. ಇಂಧನದ ಬೆಲೆ ಏರಿದರೂ, ಡಾಲರ್ ಏರಿದರೂ ಭಾರ ಮಂಡಳಿಯದು. ವಿದ್ಯುತ್ತು ಕೊಳ್ಳದಿದ್ದರೂ ಸ್ಥಿರ ಮೊತ್ತ ಕೊಡಬೇಕು. 1999ರಲ್ಲಿ 740 ಮೆಗಾವಾಟಿನ ಮೊದಲ ಹಂತವು ನಾಫ್ತಾ ಉರಿಸಿ ಆರಂಭವಾಯಿತು. ನಾಫ್ತಾ ತುಟ್ಟಿಯಾಯಿತು, ರೂಪಾಯಿ ಕುಸಿಯಿತು. 2001ರ ಮೇ ತಿಂಗಳಲ್ಲಿ ಮಂಡಳಿ ಕೊಳ್ಳುವುದನ್ನೇ ನಿಲ್ಲಿಸಿತು.

ಪಾಠವನ್ನು ಮರೆತಂತಿದೆ. 2022ರಲ್ಲಿ ಯುಕ್ರೇನ್ ಯುದ್ಧದಿಂದ ಲೋಕದಲ್ಲೆಲ್ಲ ಕಲ್ಲಿದ್ದಲಿನ ಬೆಲೆ ಹಾರಿತು. ಆಗಲೇ ಕೇಂದ್ರ ಸರಕಾರ ಸ್ಥಾವರಗಳಿಗೆ ಶೇಕಡಾ 10ರಷ್ಟು ಆಮದು ಕಲ್ಲಿದ್ದಲು ಬೆರೆಸಲು ಹೇಳಿತು. ಅದೇ ಡಿಸೆಂಬರದ ನಿಯಮಗಳು ಇಂಧನದ ಏರಿಕೆಯನ್ನು ತಿಂಗಳು ತಿಂಗಳು ತಾನಾಗಿಯೇ ಬಿಲ್ಲಿಗೆ ಸೇರಿಸಲು ದಾರಿ ಮಾಡಿದವು. 2023ರಲ್ಲಿ ಆಮದು ಕಲ್ಲಿದ್ದಲು ಬಹಳ ಇಳಿಯಿತು. ನಮ್ಮ ದರವೋ ಆ ವರ್ಷದ ಏಪ್ರಿಲ್‌ನಲ್ಲಿ ಏರಿತು, 2024ರ ಏಪ್ರಿಲ್‌ನಲ್ಲಿ ಮತ್ತೂ ಏರಿತು. ಹಳೆಯ ಬಾಕಿಯಂಥ ಬೇರೆ ಕಾರಣಗಳೂ ಇದ್ದವು, ನಿಜ. ಹಾಗಿದ್ದರೆ ಯಾವುದಕ್ಕೆ ಎಷ್ಟು ಎಂಬುದನ್ನು ಕಟ್ಟುವವರಿಗೆ ಬಿಡಿಸಿ ತೋರಿಸಬೇಡವೇ?

ನಾವು ಕೇಳುವುದು ಮೂರೇ. ಒಂದು, ಕಲ್ಲಿದ್ದಲಿನ ಹೋದ ತಿಂಗಳ ಬೆಲೆ, ಈ ತಿಂಗಳ ಬೆಲೆ ಎರಡನ್ನೂ ಬಿಲ್ಲಿನ ಮೇಲೆ ಸರಳವಾಗಿ ಅಚ್ಚು ಮಾಡಲಿ. ಎರಡು, ಏರಿಕೆಯ ಒಂದು ಪಾಲನ್ನು ಉತ್ಪಾದಕನೂ ಹೊರಲಿ. ಮೂರು, 100 ಯೂನಿಟ್‌ವರೆಗಿನ ಮನೆಗಳಿಗೆ ಇಂಧನದ ಸಾಲಿನ ಮೇಲೆ ವಿದ್ಯುತ್ ಶುಲ್ಕ ಬೇಡ.

2003ರ ವಿದ್ಯುತ್ ಕಾಯ್ದೆಯ 64ನೆಯ ಕಲಮಿನಂತೆ, ದರ ನಿಗದಿ ಮಾಡುವ ಮುನ್ನ ಆಯೋಗವು ಜನರ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ದೊಡ್ಡ ಕಾರ್ಖಾನೆಯವರು ವಕೀಲರನ್ನು ಕಳಿಸುತ್ತಾರೆ. ನಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿ ಓದಿದವರು. ಅವರ ಕೈಯಿಂದ ಪತ್ರ ಬರೆಸೋಣ, ನಾವು ಸಹಿ ಹಾಕೋಣ. ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ಮನೆಯ ಬಿಲ್ಲು ತನ್ನಿರಿ.